ಎಷ್ಟು ಪರ್ಸೆಂಟಿಗೆ ನಿಂತಿತು?

ತರೀಕೆರೆಯಿಂದ ಶನಿವಾರದ ಬಸ್ಸಿಗೆ ಬಂದ ಅಕ್ಕನ ಮಗ ಬ್ಯಾಗಿನಿಂದ ಮೊದಲು ತೆಗೆದದ್ದು ಹಲಸಿನ ಹಪ್ಪಳದ ಕಟ್ಟು. ಆಮೇಲೆ ಟವೆಲಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪು. ಹಪ್ಪಳ ಯಾಕೆ ಬಂತು ಅನ್ನುವುದು ಟವೆಲು ಬಿಚ್ಚಿದ ಮೇಲೆ ಗೊತ್ತಾಯಿತು.

"ಮೂರು ಸಲ ಹಾಕ್ದೆ ಮಾವ. ಮೂರು ಸಲಾನೂ ಆಗ್ಲಿಲ್ಲ."

"ಏನು ಆಗ್ಲಿಲ್ಲ?"

"ಓಎಸ್ಸು. ಆಗ್ಲಿಲ್ಲ, ಅಷ್ಟೆ."

ಕಂಪ್ಯೂಟರ್ ರಿಪೇರಿ ಅಂಗಡಿಯವರನ್ನು ಕೇಳಿ ನೋಡಿ, ಅವರು ದಿನಾ ಕೇಳುವ ಮಾತು ಇದೇ. ಓಎಸ್ ಹಾಕಿದೆ, ಆಗಲಿಲ್ಲ. ಅದೊಂದು ಕ್ರಿಯಾಪದದೊಳಗೆ ಹತ್ತಾರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಮನೆಗೆ ಕರೆಂಟಿಲ್ಲ ಎಂದು ಲೈನ್‌ಮನ್‌ಗೆ ಫೋನ್ ಮಾಡಿದರೆ ಅವನು ಮೊದಲು ಕೇಳುವುದು "ಪಕ್ಕದ ಮನೇಲಿ ಇದ್ಯಾ?" ಅಂತ. ಇದ್ದರೆ ಟ್ರಾನ್ಸ್‌ಫಾರ್ಮರ್ ಬಿಟ್ಟುಬಿಡಬಹುದು, ನಿಮ್ಮ ಕಂಬ ನೋಡಿದರೆ ಸಾಕು. ಇನ್‌ಸ್ಟಾಲ್ ಕೆಟ್ಟಾಗಲೂ ಕೇಳಬೇಕಾದದ್ದು ಅಂಥದ್ದೇ ಪ್ರಶ್ನೆ: ಎಲ್ಲಿಯವರೆಗೆ ಹೋಗಿ ನಿಂತಿತು? ಪೆಂಡ್ರೈವ್ ಕಂಡಿತೇ? ಇನ್‌ಸ್ಟಾಲರ್ ತೆರೆಯಿತೇ? ಡಿಸ್ಕ್ ಸಿಕ್ಕಿತೇ? ಫೈಲು ಕಾಪಿ ಆಗುವಾಗ ನಿಂತಿತೇ, ಎಲ್ಲಾ ಮುಗಿದು ರೀಸ್ಟಾರ್ಟ್ ಆದಮೇಲೋ? ಪರದೆಯ ಮೇಲೆ ಬಂದ ಕೆಂಪಕ್ಷರದ ವಾಕ್ಯಕ್ಕಿಂತ ಈ ಉತ್ತರಗಳು ಹೆಚ್ಚು ಹೇಳುತ್ತವೆ.

ಹುಡುಗನನ್ನು ಕೂರಿಸಿ, ಕಾಫಿ ಕೊಟ್ಟು, ಒಂದೊಂದಾಗಿ ಬಿಡಿಸಿದೆ. ಮೊದಲ ಸಲ ಒಂದು ಹೆಸರಾಂತ ಲಿನಕ್ಸಿನ 64 ಬಿಟ್ ಪ್ರತಿಯನ್ನು ಪೆಂಡ್ರೈವಿಗೆ ಹಾಕಿ ಚುಚ್ಚಿದ್ದಾನೆ; ಬೂಟ್ ಮೆನುವಿನಲ್ಲಿ ಪೆಂಡ್ರೈವ್ ಹೆಸರೇ ಬಂದಿಲ್ಲ. ಎರಡನೆಯ ಸಲ ಗೆಳೆಯನೊಬ್ಬ ಡೆಬಿಯನ್ 12 ತುಂಬಿದ ಬೇರೆ ಪೆಂಡ್ರೈವ್ ಕೊಟ್ಟಿದ್ದಾನೆ. ಅದು ಶುರುವಾಗಿ ನಡುವೆ ಲ್ಯಾಪ್‌ಟಾಪೇ ಆಫ್ ಆಗಿದೆ. ಮೂರನೆಯ ಸಲ, ಅದೇ ಪೆಂಡ್ರೈವಿನಲ್ಲಿ, ನೂರು ಪರ್ಸೆಂಟ್ ಮುಗಿದಿದೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆಯ ಮೇಲೆ ಬೂಟ್ ಮಾಡಲು ಏನೂ ಇಲ್ಲ ಎಂಬ ಒಂದು ಸಾಲು.

ಇವನ ಲೆಕ್ಕದಲ್ಲಿ ಒಂದೇ ಸೋಲು ಮೂರು ಸಲ. ನನ್ನ ಲೆಕ್ಕದಲ್ಲಿ ಮೂರು ಬೇರೆ ಬೇರೆ ರೋಗ, ಒಂದಕ್ಕೊಂದು ಸಂಬಂಧವೇ ಇಲ್ಲ.

ಲ್ಯಾಪ್‌ಟಾಪಿನ ಜಾತಕವನ್ನೂ ಸ್ವಲ್ಪ ಹೇಳಬೇಕು. 2016ರಲ್ಲಿ ಐಬಾಲ್ ಕಾಂಪ್‌ಬುಕ್ 9,999 ರೂಪಾಯಿಗೆ ಬಿಡುಗಡೆಯಾಗಿತ್ತು. ಹತ್ತು ಸಾವಿರದೊಳಗೆ ವಿಂಡೋಸ್ ಲ್ಯಾಪ್‌ಟಾಪು ಎಂದರೆ ಆಗ ಜನ ಹುಬ್ಬೇರಿಸಿದ್ದರು. ಅಕ್ಕ ಆ ಕಾಲದಲ್ಲಿ ಕೊಂಡದ್ದು ಅದೇ ತಳಿಯ ಇನ್ನೊಂದು, ಹೆಸರು ಬೇಡ. ಆ ತಳಿಯ ಯಂತ್ರಗಳ ಹೊಟ್ಟೆಯೊಳಗೆ ಹೆಚ್ಚುಕಡಿಮೆ ಒಂದೇ ಸಾಮಾನು: ಇಂಟೆಲ್ ಆಟಂ Z3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ ಸಂಗ್ರಹ. ಮೂಲತಃ ಟ್ಯಾಬ್ಲೆಟ್ಟಿಗೆ ಅಂತ ಮಾಡಿದ ಪ್ರೊಸೆಸರನ್ನು ಕೀಬೋರ್ಡಿನ ಕೆಳಗೆ ಕೂರಿಸಿದ್ದು. ಮೈಕ್ರೋಸಾಫ್ಟ್ 2014ರಲ್ಲಿ 'ವಿಂಡೋಸ್ 8.1 ವಿತ್ ಬಿಂಗ್' ಎಂಬ ಆವೃತ್ತಿಯನ್ನು ಅಗ್ಗದ ಸಾಧನ ಮಾಡುವ ಕಂಪನಿಗಳಿಗೆ ಬಿಟ್ಟುಕೊಟ್ಟ ಮೇಲೆ ಈ ತಳಿಗೆ ದಾರಿಯಾಯಿತು. ವಿಂಡೋಸ್ 10 ಬಂದಮೇಲೂ ಅದು ಮುಂದುವರಿಯಿತು.

ಈಗ ಯಾಕೆ ಓಎಸ್ ಬದಲಿಸುವ ಗಡಿಬಿಡಿ ಅಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಈ ಬಡಪಾಯಿ ಮೊದಲೆರಡರಲ್ಲೇ ಫೇಲು. ವಿಂಡೋಸ್ 10 ಇದ್ದಾಗಲೇ ಸುಖವಿರಲಿಲ್ಲ. 32 ಜಿಬಿ ಎಂದು ಡಬ್ಬಿಯ ಮೇಲೆ ಬರೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ 29ರ ಆಸುಪಾಸಿಗೆ ಇಳಿಯುತ್ತದೆ. 2019ರ ವಿಂಡೋಸ್ ಅಪ್‌ಡೇಟ್ ಹೊತ್ತಿಗೆ ಮೈಕ್ರೋಸಾಫ್ಟ್ ಕನಿಷ್ಠ ಜಾಗವನ್ನೇ 32 ಜಿಬಿ ಎಂದು ಏರಿಸಿತ್ತು. ಅಂದರೆ ಇಂಥ ಯಂತ್ರಕ್ಕೆ ಓಎಸ್ಸೇ ಮನೆಯೊಡೆಯ, ಹುಡುಗನ ಫೈಲುಗಳು ಜಗಲಿಯಲ್ಲಿ ಮಲಗಬೇಕು.

ಇಷ್ಟು ವರ್ಷ ಊರವರ ಲ್ಯಾಪ್‌ಟಾಪು ಬಿಚ್ಚಿ ನನಗೆ ಗಟ್ಟಿಯಾದ ಅನುಮಾನ ಒಂದಿದೆ. ಅಗ್ಗದ ಯಂತ್ರವನ್ನು ಮಾಡಿದವರು ಎಲ್ಲೆಲ್ಲಿ ನಾಲ್ಕು ಕಾಸು ಉಳಿಸಿರುತ್ತಾರೋ, ಇನ್‌ಸ್ಟಾಲ್ ಸರಿಯಾಗಿ ಅಲ್ಲೇ ಎಡವುತ್ತದೆ. ಅಂಗಡಿಯಿಂದ ಬರುವಾಗ ಒಳಗಿದ್ದ ಓಎಸ್ಸಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಅದು. ಬೇರೆಯವರು ತೊಡಲು ಹೋದರೆ ಕಂಕುಳಲ್ಲಿ ಹರಿಯುತ್ತದೆ.

ಮೊದಲನೆಯ ರೋಗಕ್ಕೆ ಬರೋಣ. ಪವರ್ ಬಟನ್ ಒತ್ತಿದ ಕೂಡಲೇ ಎಚ್ಚರಗೊಳ್ಳುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತ ಫರ್ಮ್‌ವೇರ್. ಬಯೋಸ್ ಎಂದು ಈಗಲೂ ಎಲ್ಲರೂ ಕರೆಯುವುದು ಇದನ್ನೇ. ಆ ಹೆಸರು ಐಬಿಎಂ ಪಿಸಿಗಿಂತಲೂ ಹಳೆಯದು. ಎಪ್ಪತ್ತರ ದಶಕದಲ್ಲಿ ಸಿಪಿ/ಎಂ ಬರೆದ ಗ್ಯಾರಿ ಕಿಲ್ಡಾಲ್ ಇಟ್ಟದ್ದು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ಜಾಗದಲ್ಲಿ ಇರುವುದು ಯುಇಎಫ್ಐ. ಇದರ ಕೆಲಸ ತುಂಬ ಸರಳ. ಪೆಂಡ್ರೈವಿನಲ್ಲಿ ಫ್ಯಾಟ್ ಮಾದರಿಯ ವಿಭಾಗ ಹುಡುಕುತ್ತದೆ, ಅದರಲ್ಲಿ 'ಇಎಫ್ಐ' ಎಂಬ ಫೋಲ್ಡರು, ಅದರೊಳಗೆ 'ಬೂಟ್', ಅದರೊಳಗೆ ನಿಶ್ಚಿತ ಹೆಸರಿನ ಒಂದು ಫೈಲು. ಆ ಹೆಸರು ಸಿಕ್ಕರೆ ಬಾಗಿಲು ತೆಗೆಯುತ್ತದೆ. ಸಿಗದಿದ್ದರೆ ಪೆಂಡ್ರೈವ್ ಎಂಬುದೊಂದು ಅಲ್ಲಿ ಇದೆ ಎಂದೂ ಹೇಳುವುದಿಲ್ಲ.

64 ಬಿಟ್ ಫರ್ಮ್‌ವೇರ್ ಹುಡುಕುವ ಹೆಸರು 'ಬೂಟ್‌ಎಕ್ಸ್64'. 32 ಬಿಟ್ ಫರ್ಮ್‌ವೇರ್ ಹುಡುಕುವುದು 'ಬೂಟ್‌ಐಎ32'. ಇಲ್ಲಿದೆ ಕಿತಾಪತಿ. ಆಟಂ Z3735ಎಫ್ 64 ಬಿಟ್ ಪ್ರೊಸೆಸರೇ. ಆದರೆ 2 ಜಿಬಿ ರ‍್ಯಾಮಿಗೆ, ಇಕ್ಕಟ್ಟಿನ ಜಾಗಕ್ಕೆ 32 ಬಿಟ್ ವಿಂಡೋಸ್ ಸಾಕು, ಅದು ಕಡಿಮೆ ತಿನ್ನುತ್ತದೆ ಎಂದು ಕಂಪನಿಗಳು ಅದನ್ನೇ ಹಾಕಿದವು. ವಿಂಡೋಸಿಗೂ ಯುಇಎಫ್ಐಗೂ ಬಿಟ್ ಲೆಕ್ಕ ಹೊಂದಲೇಬೇಕು ಎಂಬ ನಿಯಮ ಇರುವುದರಿಂದ ಫರ್ಮ್‌ವೇರನ್ನೂ 32 ಬಿಟ್ಟಿನದೇ ಕೂರಿಸಿದವು. ಗಟ್ಟಿ ಆಳು, ಗಿಡ್ಡ ಬಾಗಿಲು. ಹುಡುಗನ ಮೊದಲ ಪೆಂಡ್ರೈವಿನಲ್ಲಿ ಇದ್ದದ್ದು 64ರ ಫೈಲು ಮಾತ್ರ. ಫರ್ಮ್‌ವೇರಿಗೆ ಅದು ಖಾಲಿ ಪೆಂಡ್ರೈವಿನ ಸಮ.

ಇದನ್ನು ಮೊದಲೇ ಪತ್ತೆ ಹಚ್ಚುವ ಉಪಾಯ ವಿಂಡೋಸಿನ ಒಳಗೇ ಇತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋದರೆ 'ಸಿಸ್ಟಮ್ ಟೈಪ್' ಎಂಬ ಸಾಲು. ಅದರಲ್ಲಿ 32 ಬಿಟ್ ಆಪರೇಟಿಂಗ್ ಸಿಸ್ಟಮ್, ಆದರೆ ಎಕ್ಸ್64 ಪ್ರೊಸೆಸರ್ ಎಂದಿದ್ದರೆ, ಅದೂ ಹಳೆಯ ಆಟಂ ಯಂತ್ರವಾಗಿದ್ದರೆ, ಅರ್ಧ ಪತ್ತೇದಾರಿ ಮುಗಿದ ಹಾಗೆ. ಇವನ ವಿಂಡೋಸ್ ಎರಡನೇ ಸಲಕ್ಕೇ ಅಳಿಸಿಹೋಗಿತ್ತು. ಪುಣ್ಯಕ್ಕೆ ಹಿಂದೊಮ್ಮೆ ಲ್ಯಾಪ್‌ಟಾಪು ಮಾರಿಬಿಡೋಣ ಎಂದು ಆ ಪುಟದ ಫೋಟೊ ಹೊಡೆದು ಮೊಬೈಲಿನಲ್ಲಿ ಇಟ್ಟಿದ್ದ. ಹಿಗ್ಗಿಸಿ ನೋಡಿದೆವು. ಅದೇ ಸಾಲು.

ಲಿನಕ್ಸಿಗೆ ಈ ಗಿಡ್ಡ ಬಾಗಿಲಿನಲ್ಲಿ ಬಗ್ಗಿ ನುಗ್ಗುವುದು ಗೊತ್ತು. 32 ಬಿಟ್ ಫರ್ಮ್‌ವೇರಿನ ಮೂಲಕ 64 ಬಿಟ್ ಕರ್ನಲ್ ಏಳಿಸುವ ಮಿಶ್ರ ಪದ್ಧತಿ 2014ರ ಕರ್ನಲ್ 3.15ರಲ್ಲೇ ಬಂತು. ಆದರೆ ಬಾಗಿಲಲ್ಲಿ ನಿಂತು ಕರೆಯುವ 'ಬೂಟ್‌ಐಎ32' ಫೈಲನ್ನು ಪೆಂಡ್ರೈವಿನಲ್ಲಿ ಇಡುವುದು ಆಯಾ ಲಿನಕ್ಸ್ ತಂಡದವರ ಇಷ್ಟ. ಡೆಬಿಯನ್ ತಂಡ 2015ರ ಎಂಟನೇ ಆವೃತ್ತಿಯಿಂದಲೇ ಇಂಥ ಯಂತ್ರಗಳನ್ನು ನೆನಪಿಟ್ಟುಕೊಂಡಿದೆ. ಗೆಳೆಯನ ಪೆಂಡ್ರೈವ್ ತೆರೆದು ಆ ಫೋಲ್ಡರ್ ತೋರಿಸಿದೆ. ಎರಡು ಫೈಲೂ ಅಕ್ಕಪಕ್ಕ ಕೂತಿದ್ದವು. ಎರಡನೇ ಸಲ ಯಾಕೆ ಶುರುವಾಯಿತು ಎಂಬುದಕ್ಕೆ ಅದೇ ಉತ್ತರ. ಪೆಂಡ್ರೈವ್ ಕೆಟ್ಟಿದೆ, ಪೋರ್ಟ್ ಕೆಟ್ಟಿದೆ ಎಂದು ಇನ್ನೂರು ರೂಪಾಯಿ ಹಾಳು ಮಾಡುವ ಮೊದಲು ಈ ಫೋಲ್ಡರಿಗೊಮ್ಮೆ ಇಣುಕಿದರೆ ಸಾಕು.

ಐಎಸ್ಒ ಫೈಲನ್ನು ಹಾಡು ಕಾಪಿ ಮಾಡುವ ಹಾಗೆ ಪೆಂಡ್ರೈವಿಗೆ ಎಳೆದು ಬಿಟ್ಟು, ಬೂಟ್ ಆಗಲಿಲ್ಲ ಎನ್ನುವವರೂ ಇದ್ದಾರೆ. ಅದನ್ನು ರೂಫಸ್‌ನಂಥ ತಂತ್ರಾಂಶದಿಂದ ಬಿಡಿಸಿ ಬರೆಯಬೇಕು. ಇವನು ಅಷ್ಟು ಮಾಡಿದ್ದ, ಮೆಚ್ಚಿದೆ.

ಎರಡನೆಯ ರೋಗದ ಪರೀಕ್ಷೆಗೆ ನಾನು ಕೇಳಿದ ಪ್ರಶ್ನೆಯೇ ಈ ಬರಹದ ತಲೆಬರಹ. "ಎಷ್ಟು ಪರ್ಸೆಂಟಿಗೆ ನಿಂತಿತು?"

"ಒಂದ್ಸಲ ನಲವತ್ತು ಇರ್ಬೇಕು. ಅವತ್ತೇ ಮತ್ತೆ ಹಾಕ್ದೆ, ಎಪ್ಪತ್ತರ ಹತ್ರ ಆಫ್ ಆಯ್ತು. ಇನ್ನೊಂದ್ಸಲ ಶುರುನಲ್ಲೇ."

ಹಾಗಾದರೆ ಮೂರು ಸಲ ಅಲ್ಲ, ಐದು ಸಲ. ಇರಲಿ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಂತಿದೆ ಎಂಬುದು ದೊಡ್ಡ ಸುಳಿವು. ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಫೈಲಿನ ಮೇಲೆ ನಿಂತರೆ ಅನುಮಾನ ಮೊದಲು ಹೋಗಬೇಕಾದದ್ದು ಪೆಂಡ್ರೈವಿನಲ್ಲಿರುವ ಸರಕಿನ ಮೇಲೆ: ಡೌನ್‌ಲೋಡ್ ಅರ್ಧಂಬರ್ಧ ಆಗಿರಬಹುದು, ಪೆಂಡ್ರೈವಿನ ಒಂದು ಭಾಗ ಸತ್ತಿರಬಹುದು. ಬೇರೆ ಬೇರೆ ಜಾಗದಲ್ಲಿ ನಿಂತರೆ ಅನುಮಾನ ಯಂತ್ರದ ಮೈಮೇಲೆ: ಬಿಸಿ, ರ‍್ಯಾಮ್, ಕರೆಂಟು. ಕೆಟ್ಟ ಅಕ್ಕಿಯಿಂದ ಆದ ಅನ್ನ ದಿನವೂ ಒಂದೇ ಥರ ಕೆಡುತ್ತದೆ. ಒಂದು ದಿನ ಬೆಂದು ಒಂದು ದಿನ ಬೇಯದಿದ್ದರೆ ಒಲೆ ನೋಡಬೇಕು.

ಇವನದ್ದು ಒಲೆಯ ತೊಂದರೆ. ಬ್ಯಾಟರಿ ಎಂದೋ ಸತ್ತಿತ್ತು. ಚಾರ್ಜರ್ ತೆಳು ಪಿನ್ನಿನದು, ಸಡಿಲ. ಮೇಜಿಗೆ ಮೊಣಕೈ ತಾಗಿದರೂ ಸಂಪರ್ಕ ತಪ್ಪಿ ಯಂತ್ರ ಕಣ್ಣು ಮುಚ್ಚುತ್ತದೆ. ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಜೊತೆಗೆ ಅಕ್ಕನ ಮನೆಯ ಕಡೆ ಸಂಜೆ ಹೊತ್ತು ಕರೆಂಟು ಬಂದು ಹೋಗುವುದು ಹೊಸತೇನಲ್ಲ. ಫೈಲ್ ಕಾಪಿ ಆಗುವ ನಡುವೆ ಕರೆಂಟು ಹೋದರೆ ಇನ್‌ಸ್ಟಾಲರಿಗೆ ಬಿಟ್ಟಲ್ಲಿಂದ ಮುಂದುವರಿಸಲು ಬರುವುದಿಲ್ಲ, ಮತ್ತೆ ಮೊದಲಿಂದ. ಪಿನ್ನಿಗೆ ರಬ್ಬರ್‌ಬ್ಯಾಂಡ್ ಸುತ್ತಿ, ವೈರನ್ನು ಟೇಪ್ ಹಚ್ಚಿ ಮೇಜಿಗೆ ಅಂಟಿಸಿದೆ. ಹುಡುಗನ ಮುಖ ನೋಡಬೇಕಿತ್ತು. ಮಾವ ಏನೋ ಕಮಾಂಡ್ ಹೊಡೆಯುತ್ತಾನೆ ಎಂದುಕೊಂಡಿದ್ದ.

ಸರಕಿನ ಅನುಮಾನವನ್ನು ಕಳೆದುಕೊಳ್ಳುವುದು ಇನ್ನೂ ಸುಲಭ, ಆದರೂ ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ಡೌನ್‌ಲೋಡ್ ಪುಟದಲ್ಲೇ ಎಸ್ಎಚ್ಎ256 ಎಂದು 64 ಅಕ್ಷರಗಳ ಒಂದು ಸಾಲು ಇರುತ್ತದೆ. ಅದು ಆ ಫೈಲಿನ ಬೆರಳಚ್ಚು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶಕ್ಕೆ '-ಹ್ಯಾಶ್‌ಫೈಲ್' ಸೇರಿಸಿ, ಫೈಲಿನ ಹೆಸರು, ಕೊನೆಗೆ ಎಸ್ಎಚ್ಎ256 ಎಂದು ಕೊಟ್ಟರೆ ನಿಮ್ಮ ಪ್ರತಿಯ ಬೆರಳಚ್ಚು ಬರುತ್ತದೆ. ಒಂದಕ್ಷರ ಬೇರೆಯಿದ್ದರೂ ಆ ಪ್ರತಿ ಕೆಟ್ಟದ್ದು. ಫೈಲು ಸರಿಯಿದ್ದೂ ಪೆಂಡ್ರೈವ್ ಮೋಸ ಮಾಡುವುದುಂಟು. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ '64 ಜಿಬಿ'ಗಳಲ್ಲಿ ಕೆಲವು ಒಳಗೆ ಎಂಟೇ ಜಿಬಿ ಇಟ್ಟುಕೊಂಡು ಅರವತ್ತನಾಲ್ಕು ಎಂದು ಸುಳ್ಳು ಹೇಳುತ್ತವೆ. ಬರೆಯುವಾಗ ಬರೆಸಿಕೊಂಡಂತೆ ನಟಿಸುತ್ತವೆ, ಓದುವಾಗ ಕಸ ಕೊಡುತ್ತವೆ. ವಿಂಡೋಸ್ ಇನ್‌ಸ್ಟಾಲ್ ನಡುವೆ ಕೈಕೊಟ್ಟು 0x8007025ಡಿ ಎಂಬ ಸಂಖ್ಯೆ ಬಂದರೆ ನಾನು ಮೊದಲು ಮಾಡುವುದು ಬೇರೆ ಪೆಂಡ್ರೈವಿನಲ್ಲಿ ಹೊಸ ಪ್ರತಿ ಬರೆಯುವುದು. ಅಷ್ಟಕ್ಕೂ ಬಗ್ಗದಿದ್ದರೆ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ ರ‍್ಯಾಮ್ ನೋಡುವುದು.

ಭಾನುವಾರ ಬೆಳಿಗ್ಗೆ, ತಿಂಡಿ ಮುಗಿಸಿ, ಹೊಸದಾಗಿ ಶುರು ಮಾಡಿದೆವು. ಡೆಬಿಯನ್ ಇನ್‌ಸ್ಟಾಲರಿನ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ. ಹುಡುಗ ಉತ್ಸಾಹದಿಂದ ಅದನ್ನೇ ಒತ್ತಲು ಹೋದ. ನಾನೇ ಬೇಡವೆಂದೆ. ಅನುವಾದ ಮಾಡಿದವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೆ ಎಡವಟ್ಟಾದಾಗ ಪರದೆಯ ಮೇಲಿನ ಸಾಲನ್ನು ಇದ್ದಂತೆಯೇ ಟೈಪಿಸಿ ಹುಡುಕಬೇಕಾಗುತ್ತದೆ, ಆ ಹುಡುಕಾಟಕ್ಕೆ ಇಂಗ್ಲಿಷ್ ಸಾಲೇ ಉಪಯೋಗ. ಸಿಸ್ಟಮ್ ಏಳಲಿ, ಕನ್ನಡ ಆಮೇಲೆ ಧಾರಾಳವಾಗಿ ಹಾಕಿಕೊಳ್ಳೋಣ ಎಂದು ಸಮಾಧಾನ ಹೇಳಿದೆ.

ಡಿಸ್ಕ್ ಆರಿಸುವ ಪರದೆ ಬಂತು. ಇಲ್ಲಿ ನನ್ನ ಎದೆ ಒಮ್ಮೆ ನಿಂತಿತು. ಪಟ್ಟಿಯಲ್ಲಿ ಎರಡು ಹೆಸರು: ಒಂದು 'ಎಸ್‌ಡಿಬಿ', ಸುಮಾರು 31 ಜಿಬಿ. ಇನ್ನೊಂದು 'ಎಂಎಂಸಿಬಿಎಲ್‌ಕೆ0', ಅದೂ ಹೆಚ್ಚುಕಡಿಮೆ ಅಷ್ಟೇ. ಯೂಟ್ಯೂಬಿನಲ್ಲಿ ನೋಡಿದ ಪಾಠಗಳಲ್ಲೆಲ್ಲ ಡಿಸ್ಕಿನ ಹೆಸರು 'ಎಸ್‌ಡಿ' ಎಂದು ಶುರುವಾಗುವುದನ್ನೇ ಕಂಡಿದ್ದ ಹುಡುಗ, ಇದೇ ಲ್ಯಾಪ್‌ಟಾಪಿನ ಡಿಸ್ಕು ಎಂದು ಅದರ ಮೇಲೆ ಕರ್ಸರ್ ಇಟ್ಟಿದ್ದ. ನಾನು ಕೈ ಹಿಡಿದೆ. ಇನ್ನೊಂದು ಪೋರ್ಟಿನಲ್ಲಿ ಇನ್ನೊಂದು ಪೆಂಡ್ರೈವ್ ಸಿಕ್ಕಿಕೊಂಡಿತ್ತು.

"ಅದ್ರಲ್ಲಿ ಏನಿದೆ?"

"ಅಮ್ಮನ ಫೋಟೋಗಳು. ವಿಂಡೋಸ್ ಅಳ್ಸೋ ಮುಂಚೆ ಎಲ್ಲಾ ಅದಕ್ಕೇ ಹಾಕಿದ್ದೆ."

"ಬೇರೆ ಎಲ್ಲಾದ್ರೂ ಇದ್ಯಾ?"

ಇರಲಿಲ್ಲ. ಕಿತ್ತು ಜೇಬಿಗೆ ಹಾಕಿಕೊಂಡೆ.

ಇದು ಅವನ ತಪ್ಪಲ್ಲ. ಇಎಂಎಂಸಿ ಎಂದರೆ ಮೊಬೈಲಿನಲ್ಲಿ ಇರುವಂಥ, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ ಮೆಮೊರಿ. ಮಾಮೂಲಿ ಹಾರ್ಡ್‌ಡಿಸ್ಕ್‌ ಅಥವಾ ಎಸ್ಎಸ್‌ಡಿಯಂತೆ ಬಿಚ್ಚಿ ಬದಲಿಸಲು ಬರುವುದಿಲ್ಲ. ಲಿನಕ್ಸ್ ಅದನ್ನು ಮೆಮೊರಿ ಕಾರ್ಡಿನ ವಂಶಕ್ಕೆ ಸೇರಿಸಿ 'ಎಂಎಂಸಿ' ಎಂದು ಕರೆಯುತ್ತದೆ. ಇಂಥ ಯಂತ್ರದಲ್ಲಿ ಎಸ್‌ಡಿ ಎಂಬ ಹೆಸರು ಯುಎಸ್‌ಬಿಯಲ್ಲಿ ಚುಚ್ಚಿದ್ದಕ್ಕೆ ಹೋಗುತ್ತದೆ. ಇನ್‌ಸ್ಟಾಲ್ ಶುರು ಮಾಡುವ ಮೊದಲು ಬೇಡದ ಪೆಂಡ್ರೈವ್, ಮೆಮೊರಿ ಕಾರ್ಡು, ಹೊರಗಿನ ಹಾರ್ಡ್‌ಡಿಸ್ಕು ಎಲ್ಲವನ್ನೂ ಕಿತ್ತಿಡಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಆ ದಿನ ನಾನೇ ಮರೆತಿದ್ದೆ.

ಇಎಂಎಂಸಿಗೆ ಇನ್ನೊಂದು ಗುಣವುಂಟು. ಬರೆದು ಬರೆದು ಅದು ಸವೆಯುತ್ತದೆ. ಪೂರ್ತಿ ಸವೆದದ್ದು ಕೆಲವೊಮ್ಮೆ ಓದಲು ಕೊಡುತ್ತದೆ, ಬರೆಯಲು ಬಿಡುವುದಿಲ್ಲ. ಪಾರ್ಟಿಷನ್ ಅಳಿಸಿದ ಹಾಗೆ ಕಂಡು, ರೀಸ್ಟಾರ್ಟ್ ಮಾಡಿದರೆ ಹಳೆಯದೆಲ್ಲ ಮತ್ತೆ ಪ್ರತ್ಯಕ್ಷ. ದೆವ್ವ ಹಿಡಿದಿದೆ ಎಂದು ತಂದವರನ್ನು ನೋಡಿದ್ದೇನೆ. ಅಲ್ಲಿಗೆ ಆ ಯಂತ್ರದ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ನಮ್ಮದು ಅಷ್ಟಕ್ಕೆ ಬಂದಿರಲಿಲ್ಲ.

ಹೊಸ ಲ್ಯಾಪ್‌ಟಾಪು ಕೊಂಡವರು ಇಷ್ಟು ಓದಿ ನಮಗೇನು ಎಂದುಕೊಂಡಾರು. ಅವರಿಗೂ ಇದೇ ಜಾಗದಲ್ಲಿ ಒಂದು ಗುಂಡಿ ಕಾದಿದೆ. 2020ರಲ್ಲಿ ಬಂದ ಹನ್ನೊಂದನೇ ಪೀಳಿಗೆಯ ಇಂಟೆಲ್ ಪ್ರೊಸೆಸರಿನಿಂದ ಈಚೆಗೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್ಎಸ್‌ಡಿಯ ಮುಂದೆ ವಿಎಂಡಿ ಎಂಬ ಪರದೆ ಇಳಿಬಿಟ್ಟಿರುತ್ತಾರೆ. ವಿಂಡೋಸ್ ಇನ್‌ಸ್ಟಾಲರಿಗೆ ಅದರ ಡ್ರೈವರ್ ಗೊತ್ತಿಲ್ಲದಿದ್ದರೆ ಡಿಸ್ಕ್ ಪಟ್ಟಿ ಖಾಲಿ. ಎಸ್ಎಸ್‌ಡಿ ಸತ್ತಿದೆ, ಹೊಸದು ಹಾಕಿ ಎನ್ನುವ ಅಂಗಡಿಯವರೂ ಇದ್ದಾರೆ, ಹೂಂ ಎನ್ನಬೇಡಿ. ಲ್ಯಾಪ್‌ಟಾಪ್ ಕಂಪನಿಯ ಬೆಂಬಲ ಪುಟದಿಂದ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿ, ಬಿಚ್ಚಿ, ಅದೇ ಪೆಂಡ್ರೈವಿನ ಒಂದು ಫೋಲ್ಡರಿನಲ್ಲಿಟ್ಟು, ಖಾಲಿ ಪಟ್ಟಿಯ ಕೆಳಗಿರುವ 'ಲೋಡ್ ಡ್ರೈವರ್' ಒತ್ತಿ ತೋರಿಸಿದರೆ ಎಸ್ಎಸ್‌ಡಿ ಕಾಣುತ್ತದೆ. ಬಯೋಸಿನಲ್ಲೇ ವಿಎಂಡಿ ಆಫ್ ಮಾಡಲೂ ಬರುತ್ತದೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತುವ ತನಕ ಆ ಸಾಲನ್ನು ಅಡಗಿಸಿಟ್ಟಿರುತ್ತಾರೆ. ಯಾರಿಂದ ಅಡಗಿಸಿದರೋ, ಕೊಂಡವನಿಂದಲೇ ಇರಬೇಕು. ಹಳೆಯ ವಿಂಡೋಸ್ ಉಳಿಸಿಕೊಳ್ಳುವುದಿದ್ದರೆ ಮಾತ್ರ ಈ ಸ್ವಿಚ್ಚಿಗೆ ಕೈ ಹಾಕಬೇಡಿ, ಅದು ಏಳದೆ ಹೋದೀತು.

ಬಯೋಸಿಗೆ ಕೈ ಹಾಕುವ ಮೊದಲು ಇನ್ನೊಂದು. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತಾನಾಗಿಯೇ ಗೂಢಲಿಪಿಯಾಗಿರುತ್ತದೆ. ಸೆಟ್ಟಿಂಗ್ ಬದಲಾದದ್ದು ಕಂಡರೆ ಬಿಟ್‌ಲಾಕರ್ 48 ಅಂಕಿಗಳ ಕೀಲಿ ಕೇಳಿ ಕೂರುತ್ತದೆ. ಆ ಕೀಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾಗದ ಎಂದದ್ದು ತಮಾಷೆಗಲ್ಲ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ನೋಟ್‌ಪ್ಯಾಡ್ ಫೈಲು ಮಾಡಿಟ್ಟುಕೊಂಡ ಮಹನೀಯರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ.

ಹಾಗೆಯೇ, ವಿಂಡೋಸ್ ಮತ್ತೆ ಹಾಕುವಾಗ ಕೀ ಬೇಕು ಎಂದು ದುಡ್ಡು ಕೇಳಿದರೆ ಅನುಮಾನಪಡಿ. ವಿಂಡೋಸ್ 8ರ ಕಾಲದಿಂದ ಕಂಪನಿಯಲ್ಲೇ ಹಾಕಿ ಕೊಟ್ಟ ವಿಂಡೋಸಿನ ಕೀ ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಕೂತಿರುತ್ತದೆ. ಅದೇ ಆವೃತ್ತಿ ಹಾಕಿ ಇಂಟರ್ನೆಟ್ಟಿಗೆ ಸೇರಿಸಿದರೆ ಸಾಧಾರಣವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಅಂಗಡಿಯಲ್ಲಿ ಪುಕ್ಕಟೆ ಹಾಕಿಕೊಡುವ ಕ್ರ್ಯಾಕಿನ ಜೊತೆ ಏನೇನು ಒಳಗೆ ಬರುತ್ತದೆ ಎಂದು ಹಾಕಿದವರಿಗೂ ತಿಳಿದಿರುವುದಿಲ್ಲ.

ನಮ್ಮ ಬಡಪಾಯಿ ಅಷ್ಟರಲ್ಲಿ ಅರವತ್ತು ದಾಟಿತ್ತು. 2 ಜಿಬಿ ರ‍್ಯಾಮಿನ ಯಂತ್ರದಲ್ಲಿ ಪೆಂಡ್ರೈವಿನಿಂದಲೇ ಓಡುವ ಚೆಂದದ ಲೈವ್ ಪರದೆ ತೆರೆದು, ಅದರಲ್ಲಿ ಬ್ರೌಸರನ್ನೂ ತೆರೆದು, ಪಕ್ಕದಲ್ಲಿ ಇನ್‌ಸ್ಟಾಲ್ ಓಡಿಸಿದರೆ ಉಸಿರು ಕಟ್ಟಿ ನಿಲ್ಲುತ್ತದೆ. ಹಾಗಾಗಿ ಬರೀ ಇನ್‌ಸ್ಟಾಲರಿನಿಂದಲೇ ಹೊರಟು, ಡೆಸ್ಕ್‌ಟಾಪುಗಳಲ್ಲಿ ಹಗುರವಾದ ಎಲ್ಎಕ್ಸ್‌ಕ್ಯೂಟಿ ಆರಿಸಿದ್ದೆವು. ವೈಫೈ ಒಂದೇ ಏಟಿಗೆ ಸಿಕ್ಕಿತು. ಮೊದಲಾದರೆ ಡೆಬಿಯನ್ನಿನಲ್ಲಿ ಇದೇ ಗೋಳು: ಮುಕ್ತವಲ್ಲದ ಫರ್ಮ್‌ವೇರ್ ಫೈಲುಗಳನ್ನು ಅಧಿಕೃತ ಪ್ರತಿಯಲ್ಲಿ ಇಡುವುದಿಲ್ಲ ಎಂಬ ಮಡಿ. 2022ರಲ್ಲಿ ಆ ತಂಡದವರು ಮತ ಹಾಕಿ ಮಡಿ ಸಡಿಲಿಸಿದರು, 2023ರ ಹನ್ನೆರಡನೇ ಆವೃತ್ತಿಯಿಂದ ಅವು ಜೊತೆಗೇ ಬರುತ್ತವೆ. ಸಿಗದೆ ಹೋಗಿದ್ದರೂ ದಾರಿಯಿತ್ತು. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್ಲಿನಿಂದ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಹೆಚ್ಚಿನ ಕಡೆ ಅದು ತಂತಿಯ ಇಂಟರ್ನೆಟ್ಟಿನಂತೆ ಕಾಣಿಸುತ್ತದೆ. ಹೊಸ ವಿಂಡೋಸ್ 11, ಇಂಟರ್ನೆಟ್ ಇಲ್ಲದೆ ಮುಂದೆ ಬಿಡಲ್ಲ ಎಂದು ಹಟ ಹಿಡಿದಾಗಲೂ ಇದೇ ಉಪಾಯ ಕೈ ಹಿಡಿಯುತ್ತದೆ.

ಮಧ್ಯಾಹ್ನ ಊಟದ ಹೊತ್ತಿಗೆ ನೂರು. ರೀಸ್ಟಾರ್ಟ್. ಕಪ್ಪು ಪರದೆ, ಅದೇ ಸಾಲು. ಬೂಟ್ ಮಾಡಲು ಏನೂ ಇಲ್ಲ.

"ನೋಡಿದ್ರಾ?" ಎಂದ ಹುಡುಗ. ಅದರಲ್ಲಿ ಸ್ವಲ್ಪ ಸಂತೋಷವೂ ಇತ್ತು.

ಮೂರನೆಯ ರೋಗ ಇದು. ಓಎಸ್ ಪೂರ್ತಿ ಡಿಸ್ಕಿನಲ್ಲಿ ಕೂತಿದೆ. ಕೂತಿರುವುದು ಫರ್ಮ್‌ವೇರಿಗೆ ಗೊತ್ತಿಲ್ಲ. ಇನ್‌ಸ್ಟಾಲರ್ ಕೊನೆಯಲ್ಲಿ ಮಾಡುವ ಕೆಲಸವೆಂದರೆ ಬೂಟ್ ಫೈಲನ್ನು ತನ್ನ ಹೆಸರಿನ ಫೋಲ್ಡರಿನಲ್ಲಿಟ್ಟು, ಅದರ ವಿಳಾಸವನ್ನು ಮದರ್‌ಬೋರ್ಡಿನ ಪುಟ್ಟ ನೆನಪಿನಲ್ಲಿ ಬರೆದು ಬರುವುದು. ಒಳ್ಳೆಯ ಫರ್ಮ್‌ವೇರ್ ಆ ವಿಳಾಸ ಓದಿ ಅಲ್ಲಿಗೆ ಹೋಗುತ್ತದೆ. ಅಗ್ಗದ ಯಂತ್ರಗಳ ಫರ್ಮ್‌ವೇರ್ ಬರೆದವರು ಅಷ್ಟು ದೂರ ಯೋಚಿಸಿರುವುದಿಲ್ಲ. ಇದರಲ್ಲಿ ಓಡುವುದು ವಿಂಡೋಸ್ ತಾನೇ ಎಂದು ವಿಂಡೋಸಿನ ವಿಳಾಸವನ್ನೊಂದು, ಪೆಂಡ್ರೈವಿಗೆ ಹೇಳಿದೆನಲ್ಲ, ಆ ಸಾಮಾನ್ಯ ವಿಳಾಸವನ್ನೊಂದು ಮಾತ್ರ ನೋಡಿ, ಉಳಿದದ್ದನ್ನು ಮರೆತುಬಿಡುತ್ತವೆ. ಪೋಸ್ಟ್‌ಮನ್‌ಗೆ ಊರಲ್ಲಿ ಎರಡೇ ಮನೆ ಗೊತ್ತಿದ್ದರೆ ಮೂರನೆಯ ಮನೆ ಕಟ್ಟಿ ಏನು ಮಾಡುವುದು?

ಗೊತ್ತಿರುವ ಮನೆಗೇ ಹೋಗಿ ವಾಸ ಮಾಡುವುದು. ಡೆಬಿಯನ್ ಪೆಂಡ್ರೈವಿನ ಮೆನುವಿನಲ್ಲಿ 'ರೆಸ್ಕ್ಯೂ ಮೋಡ್' ಎಂದಿದೆ. ಅದನ್ನು ಹೊಕ್ಕು, ನಮ್ಮ ಡಿಸ್ಕನ್ನು ತೋರಿಸಿದ ಮೇಲೆ ಬರುವ ಆಯ್ಕೆಗಳಲ್ಲಿ ಒಂದು, ಗ್ರಬ್ ಎಂಬ ಬೂಟ್ ಲೋಡರನ್ನು ಪೆಂಡ್ರೈವ್‌ನಂಥ ಸಾಧನಗಳಿಗೆಂದು ಇಟ್ಟ ಸಾಮಾನ್ಯ ವಿಳಾಸದಲ್ಲಿ ಒತ್ತಾಯದಿಂದ ಇಡುವುದು. ಈ ಆಯ್ಕೆ ಇದೆ ಎಂಬುದೇ ಹೇಳುತ್ತದೆ, ಎಷ್ಟು ಜನ ಈ ಗೋಡೆಗೆ ತಲೆ ಚಚ್ಚಿಕೊಂಡಿರಬೇಕೆಂದು. ಎಂಟರ್ ಒತ್ತಿ, ಎರಡು ನಿಮಿಷ ಬಿಟ್ಟು, ಪೆಂಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದೆವು. ಕಪ್ಪು ಪರದೆ. ಒಂದು ಮಿನುಗು. ನೀಲಿ ಮೆನು.

ಹುಡುಗ ಏನೂ ಹೇಳಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ.

ಆಮೇಲಿನದು ಬೇಗ ಆಯಿತು. ಕನ್ನಡ ಫಾಂಟು, ಕೀಬೋರ್ಡಿಗೆ ಐಬಸ್, ಅದರಲ್ಲಿ ಅವನಿಗೆ ಶಾಲೆಯಲ್ಲಿ ಅಭ್ಯಾಸವಾದ ಕೆ.ಪಿ. ರಾವ್ ವಿನ್ಯಾಸ. ಇಷ್ಟೆಲ್ಲ ಆದಮೇಲೂ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಉಳಿದಿತ್ತು, ವಿಂಡೋಸಿನ ಕಾಲದಲ್ಲಿ ಕಾಣದ ವೈಭವ. ಅಮ್ಮನ ಫೋಟೋಗಳನ್ನು ಮೊದಲು ನನ್ನ ಕಂಪ್ಯೂಟರಿಗೆ, ಆಮೇಲೆ ಇದಕ್ಕೆ ಕಾಪಿ ಮಾಡಿಸಿದೆ. ಅಷ್ಟರಲ್ಲಿ ಒಂದು ಹಾಡು ಹಾಕಿ ನೋಡಿದ. ಪರದೆಯಲ್ಲಿ ಹಾಡು ಓಡುತ್ತಿದೆ, ಸದ್ದಿಲ್ಲ. ಈ ಆಟಂ ತಳಿಯ ಧ್ವನಿ ಚಿಪ್ಪುಗಳೂ ಟ್ಯಾಬ್ಲೆಟ್ಟಿನವೇ. ಯಾವ ದಾರಿ ಸ್ಪೀಕರಿನದು, ಯಾವುದು ಹೆಡ್‌ಫೋನಿನದು ಎಂದು ಮಾದರಿಗೊಂದು ನಕ್ಷೆ ಕೊಡಬೇಕು, ಅದನ್ನು ಹುಡುಕಲು ಅವತ್ತು ಹೊತ್ತಿರಲಿಲ್ಲ. ಸಂಜೆ ಬಸ್ಸಿತ್ತು.

ಹೊರಡುವ ಹೊತ್ತಿಗೆ ಅಕ್ಕನ ಫೋನು. ಸ್ಪೀಕರಿಗೆ ಹಾಕಿದ.

"ಆಯ್ತೇನೋ?"

"ಆಯ್ತಮ್ಮ. ಪೆಂಡ್ರೈವ್ ಕಾಣ್ತು, ಡಿಸ್ಕಿಗೆ ಕೂತ್ಕೊಂತು, ಬೂಟೂ ಆಗ್ತಿದೆ. ಸೌಂಡ್ ಮಾತ್ರ ಬರ್ತಿಲ್ಲ. ಕಾರ್ಡ್ ಸಿಕ್ಕಿದೆ, ಸ್ಪೀಕರಿಗೆ ದಾರಿ ಸಿಕ್ಕಿಲ್ಲ."

ಅತ್ತ ಕಡೆ ಸ್ವಲ್ಪ ಹೊತ್ತು ಮೌನ.

"ಏನೋ ಒಂದು," ಎಂದಳು ಅಕ್ಕ. "ನಿಮ್ಮ ಮಾವ ಹಪ್ಪಳ ಕರಿಸಿದ್ನಾ ಇಲ್ವಾ?"